ಶಾಂತಿನಿಕೇತನದ ಸಂತಾಲ ಕುಟುಂಬ: ಇದು ಅರ್ಧಕ್ಕೆ ಬಿಟ್ಟ ಕೆಲಸವಾ?

ಅಡಿಕೆಹಾಳೆ
ಹೋದ ತಿಂಗಳು ಕೋಲ್ಕತ್ತಾಗೆ ಮದುವೆಗೆ ಹೋಗಿದ್ದೆವು. ಅಷ್ಟು ದೂರ ಬಂದಿದ್ದೀವಿ ಅಂತ ಒಂದು ದಿನ ಶಾಂತಿನಿಕೇತನಕ್ಕೂ ಹೋಗಿಬಂದೆವು. ಅಲ್ಲಿನ ಕಲಾಶಾಲೆ ಕಲಾಭವನದ ಹತ್ತಿರ ಒಂದು ದೊಡ್ಡ ಶಿಲ್ಪ ಇದೆ. ಹೆಗಲ ಮೇಲೆ ಅಡ್ಡೆ ಹೊತ್ತ ಗಂಡಸು, ಅಡ್ಡೆಯ ಒಂದು ಬುಟ್ಟಿಯಲ್ಲಿ ಮಗು, ಪಕ್ಕದಲ್ಲಿ ತಲೆ ಮೇಲೆ ಹೊರೆ ಇಟ್ಟುಕೊಂಡ ಹೆಂಗಸು, ಜೊತೆಗೆ ಒಂದು ನಾಯಿ. ಸಂತಾಲ ಅನ್ನೋ ಬುಡಕಟ್ಟಿನವರ ಸಂಸಾರ ಊರು ಬಿಟ್ಟು ಹೊರಟಿದೆ. ಮಾಡಿದವರು ರಾಮ್‌ಕಿಂಕರ್ ಬೈಜ್, 1938ರಲ್ಲಿ.

ನಮ್ಮ ಯಜಮಾನರು ಐದು ನಿಮಿಷ ನೋಡಿ, "ಪ್ಲಾಸ್ಟರಿಂಗ್‌ಗೆ ದುಡ್ಡು ಸಾಲಲಿಲ್ಲ ಅಂತ ಕಾಣುತ್ತೆ" ಅಂದರು. ನನಗೆ ನಗು ಬಂತು, ಆದರೆ ಉತ್ತರ ಕೊಡೋಕೆ ಆಗಲಿಲ್ಲ. ಮೈಯೆಲ್ಲ ಜಲ್ಲಿ ಎದ್ದು ಕಾಣುತ್ತೆ. ಮುಖದಲ್ಲಿ ಕಣ್ಣು ಮೂಗು ಕೂಡ ಬಿಡಿಸಿ ಮಾಡಿಲ್ಲ. ಬೇಲೂರು ಹಳೇಬೀಡು ನೋಡಿ ಬೆಳೆದ ಕಣ್ಣು ನಮ್ಮದು. ಗೊತ್ತಿದ್ದವರು ಹೇಳಿ, ಇದನ್ನು ಯಾಕೆ ಅಷ್ಟು ದೊಡ್ಡ ಕೆಲಸ ಅಂತಾರೆ? ಮುಗಿಸದೆ ಬಿಟ್ಟಿದ್ದಾ, ಬೇಕಂತಲೇ ಹಾಗೆ ಮಾಡಿದ್ದಾ?

ನೇರಮಾತು
ನಿಮ್ಮ ಯಜಮಾನರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ಎಲ್ಲರ ಮನಸ್ಸಲ್ಲಿ ಇರೋದನ್ನ ಅವರೊಬ್ಬರು ಬಾಯಿ ಬಿಟ್ಟು ಹೇಳಿದರು. ಬಂಗಾಳದಲ್ಲಿ ಮಾಡಿದ್ದಕ್ಕೆ 'ಆಧುನಿಕ ಶಿಲ್ಪ'. ಇದೇ ನಮ್ಮೂರ ಬಸ್‌ಸ್ಟ್ಯಾಂಡಲ್ಲಿ ಇದ್ದಿದ್ದರೆ ಪಂಚಾಯ್ತಿಯವರು ಸುಣ್ಣ ಹೊಡೆಸಿರೋರು.

ಜೋಳದರೊಟ್ಟಿ
ಸುಣ್ಣ ಅಲ್ರೀ, ಬಂಗಾರದ ಬಣ್ಣದ ಪೇಂಟು.

ಗಾರೆಗಿರಿ
ಅಕ್ಕಾ, ನಾನು ಓದಿದವನಲ್ಲ, 22 ವರ್ಷದಿಂದ ಗಾರೆ ಕೆಲಸ ಮಾಡಿಕೊಂಡಿದ್ದೀನಿ. ಫೋಟೋ ಹುಡುಕಿ ನೋಡಿದೆ. ಇದು ಪ್ಲಾಸ್ಟರಿಂಗ್ ಮಾಡದೆ ಬಿಟ್ಟಿದ್ದಲ್ಲ. ಮೇಲೆ ಕಾಣೋದೇ ಕೊನೆ ಕೋಟು, ಅದನ್ನ ಎರಚಿದ್ದಾರೆ. ಒಳಗೆ ಕಂಬಿ ಕಟ್ಟಿ, ಅದರ ಮೇಲೆ ಸಿಮೆಂಟು ಜಲ್ಲಿ ಕಲಸಿದ್ದನ್ನ ಕೈಯಲ್ಲೋ ಕರಣೆಯಲ್ಲೋ ಎಸೆದು ಕೂರಿಸಿರೋದು. ನಮ್ಮಲ್ಲಿ ಕಾಂಪೌಂಡ್ ಗೋಡೆಗೆ ರಫ್ ಕಾಸ್ಟಿಂಗ್ ಮಾಡ್ತೀವಲ್ಲ, ಆ ಥರ.

ಆದರೆ ಗೋಡೆಗೆ ಎರಚೋದು ಬೇರೆ, ಮನುಷ್ಯರ ತೋಳಿಗೆ ಎರಚೋದು ಬೇರೆ. ಮಾಲು ತೆಳ್ಳಗಾದರೆ ಜಾರಿ ಬೀಳುತ್ತೆ. ಗಟ್ಟಿಯಾದರೆ ಕಚ್ಚಲ್ಲ. ಸಿಮೆಂಟು ನೀರು ಕಂಡ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಬಿಗಿಯೋಕೆ ಶುರುವಾಗುತ್ತೆ, ಅಷ್ಟರೊಳಗೆ ಮುಗಿಸಬೇಕು. ಜೇಡಿಮಣ್ಣಾದರೆ ತಪ್ಪಾದ ಕಡೆ ಕಿತ್ತು ಮತ್ತೆ ಮೆತ್ತಬಹುದು. ಇಲ್ಲಿ ಹಂಗಿಲ್ಲ, ಎಸೆದಿದ್ದು ಎಸೆದಂಗೆ. ಅಳತೆ ಕಣ್ಣಲ್ಲೇ ಇರಬೇಕು. ಮಾಡಿ ನೋಡಿದವರಿಗೆ ಗೊತ್ತು.

ಬೋಲ್ಪುರ_ಪ್ಯಾಸೆಂಜರ್
ಗಾರೆಗಿರಿ ಅಣ್ಣ, ನಮ್ಮ ಮೇಷ್ಟ್ರು ಎರಡು ಕ್ಲಾಸಲ್ಲಿ ಹೇಳಿದ್ದನ್ನ ನೀವು ಹತ್ತು ಸಾಲಲ್ಲಿ ಹೇಳಿದಿರಿ. ನಾನು ತೊಂಬತ್ತರ ದಶಕದಲ್ಲಿ ಅಲ್ಲಿ ಓದಿದವನು.

ಆ ಜಲ್ಲಿ ಹೊರಗಿಂದ ತಂದಿದ್ದಲ್ಲ. ಶಾಂತಿನಿಕೇತನದ ಪಕ್ಕದಲ್ಲೇ ಖೊಯಾಯಿ ಅಂತ ಇದೆ. ಮಳೆ ನೀರು ಕೊರೆದು ಕೊರೆದು ಆದ ಕೆಂಪು ಕೊರಕಲು. ಅಲ್ಲಿ ಬಗ್ಗಿ ಒಂದು ಹಿಡಿ ಎತ್ತಿಕೊಂಡರೆ ಕೈತುಂಬ ಹುಣಿಸೆ ಬೀಜದಷ್ಟು, ಕಡಲೆಕಾಯಷ್ಟು ಕೆಂಪು ಕಲ್ಲು. ಅದೇ ಕಲ್ಲನ್ನು ಸಿಮೆಂಟಿಗೆ ಬೆರೆಸಿದರು. ಅಕ್ಕ, ನೀವು ಮಧ್ಯಾಹ್ನದ ಬಿಸಿಲಲ್ಲಿ ನೋಡಿರಬೇಕು. ಸಂಜೆ ಐದರ ಬಿಸಿಲು ಅಡ್ಡ ಬಿದ್ದಾಗ ಒಂದೊಂದು ಕಲ್ಲಿಗೂ ಒಂದೊಂದು ನೆರಳು ಏಳುತ್ತೆ. ಆ ಗಂಡಸಿನ ತೊಡೆ ಬಿಗಿಯಾಗಿ ನಡೀತಿರೋ ಹಾಗೆ ಕಾಣುತ್ತೆ. ನುಣ್ಣಗೆ ತೀಡಿದ್ದರೆ ಅದೆಲ್ಲ ಹೋಗಿಬಿಡ್ತಿತ್ತು. ಈಗ ಮಳೆ ಬಿಸಿಲು ತಾಗದಿರಲಿ ಅಂತ ಮೇಲೆ ಚಾವಣಿ ಹಾಕಿದ್ದಾರೆ. ಒಳ್ಳೆಯದೇ. ಆದರೆ ಆ ಬೆಳಕಿನ ಆಟ ಸ್ವಲ್ಪ ಹೋಯ್ತು.

ಕಡಲಕರೆ
ಮಾರಾಯ್ರೆ, ಅದು ನಮ್ಮ ಮುರಕಲ್ಲು! ಕೆಂಪು ಕಲ್ಲು, ಜಂಬಿಟ್ಟಿಗೆ. ಅಂಗಳದಲ್ಲಿ ಮಳೆ ನಿಂತ ಮೇಲೆ ಕಾಲಿಗೆ ಚುಚ್ಚುವ ಆ ಹರಳು. ಅದರಲ್ಲಿ ಶಿಲ್ಪ ಮಾಡಬಹುದು ಅಂತ ನಮ್ಮ ಕಡೆ ಯಾರಿಗೂ ಹೊಳೆಯಲಿಲ್ಲ ನೋಡಿ. ನಾವು ಬಾವಿ ಕಟ್ಟಿದೆವು, ಅಷ್ಟೇ.

ನೇರಮಾತು
ಸರಿ, ಕಷ್ಟದ ಕೆಲಸ, ಒಪ್ಪಿದೆ. ಕಷ್ಟಪಟ್ಟ ಮಾತ್ರಕ್ಕೆ ಚೆಂದ ಆಗಲ್ಲವಲ್ಲ? ಇನ್ನೊಂದು ಮಾತು. ದುಡ್ಡಿದ್ದಿದ್ದರೆ ಅವರೂ ಕಂಚಲ್ಲೇ ಮಾಡ್ತಿದ್ದರು. ಬಡತನಕ್ಕೆ ಬಳಸಿದ ಸಿಮೆಂಟನ್ನು ಆಮೇಲೆ ಬಂದವರು 'ಸಿದ್ಧಾಂತ' ಮಾಡಿದರು. ಇಷ್ಟೇ ಕಥೆ.

ಹಳೇಪೇಟೆ
ನೇರಮಾತು ಅವರೇ, ಅರ್ಧ ಸರಿ ಹೇಳಿದಿರಿ. ಶಾಂತಿನಿಕೇತನ ಇರೋ ಬೀರ್‌ಭೂಮ್ ಜಿಲ್ಲೆ ಕಡೆ ಒಳ್ಳೆ ಶಿಲ್ಪದ ಕಲ್ಲು ಸಿಗಲ್ಲ. ಕಂಚು ಎರಕ ಹೊಯ್ಯಿಸೋಕೆ ಅವರ ಹತ್ತಿರ ಕಾಸಿರಲಿಲ್ಲ. ಸಿಮೆಂಟು ಅಗ್ಗ. ಅಲ್ಲಿಗೆ ಶುರುವಾಗಿದ್ದು ನಿಜ.

ಆದರೆ ಮುಂದಿನದ್ದನ್ನೂ ನೋಡಬೇಕಲ್ಲ. ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಯ ರಿಸರ್ವ್ ಬ್ಯಾಂಕ್ ಕಟ್ಟಡದ ಬಾಗಿಲಿಗೆ ಯಕ್ಷ ಯಕ್ಷಿ ಮಾಡಿಕೊಡಿ ಅಂತ ಇವರಿಗೇ ಕೆಲಸ ಬಂತು. ಸರ್ಕಾರಿ ಕಟ್ಟಡಗಳಲ್ಲಿ ಕಲಾವಿದರಿಗೆ ಕೆಲಸ ಕೊಡಬೇಕು ಅಂತ ನೆಹರೂ ಹೇಳುತ್ತಿದ್ದ ಕಾಲ. ಕಾಂಗ್ರಾ ಕಣಿವೆಯ ಬೈಜನಾಥ್ ಕಡೆಯಿಂದ ಕಲ್ಲು ತರಿಸಿದರು. ಎರಡಕ್ಕೂ ಮಾದರಿ ಪ್ರಾಚೀನ ಶಿಲ್ಪಗಳು, ಯಕ್ಷನಿಗೆ ಮಥುರಾದ ಪಾರ್ಖಮ್ ಯಕ್ಷ, ಯಕ್ಷಿಗೆ ಬೆಸ್‌ನಗರದ ಯಕ್ಷಿ. ಯಕ್ಷನ ಒಂದು ಕೈಯಲ್ಲಿ ಯಂತ್ರದ ಹಲ್ಲುಚಕ್ರ, ಇನ್ನೊಂದರಲ್ಲಿ ದುಡ್ಡಿನ ಚೀಲ. ಯಕ್ಷಿಯ ಕೈಯಲ್ಲಿ ತೆನೆ. ಮುಗಿಯೋಕೆ ಹತ್ತು ವರ್ಷಕ್ಕೂ ಜಾಸ್ತಿ ಹಿಡೀತು. ಯಕ್ಷಿ ಬೆತ್ತಲೆ ಇದ್ದಾಳೆ ಅಂತ ಸಂಸತ್ತಿನಲ್ಲಿ ಗಲಾಟೆ ಬೇರೆ.

ಈಗ ನನ್ನ ಪ್ರಶ್ನೆ. ಆ ಕೆಲಸ ಕೈಯಲ್ಲಿದ್ದಾಗಲೇ, 1956ರಲ್ಲಿ, ಶಾಂತಿನಿಕೇತನದಲ್ಲಿ 'ಮಿಲ್ ಕಾಲ್' ಮಾಡಿದರು. ಯಾವುದರಲ್ಲಿ? ಅದೇ ಸಿಮೆಂಟು, ಅದೇ ಕೆಂಪು ಜಲ್ಲಿ. ಕಲ್ಲು ಕೈಗೆ ಸಿಕ್ಕಿದ ಮೇಲೂ ಅದಕ್ಕೇ ವಾಪಸ್ ಹೋಗಿದ್ದಾರೆ ಅಂದರೆ, ಅದನ್ನು ಬಡತನ ಒಂದೇ ಅನ್ನೋಕೆ ಆಗುತ್ತಾ?

ನೇರಮಾತು
ದಿಲ್ಲಿಯದ್ದು ಬ್ಯಾಂಕಿನ ದುಡ್ಡು ಸ್ವಾಮಿ, ಅವರ ಜೇಬಿನದ್ದಲ್ಲ. ಸ್ವಂತಕ್ಕೆ ಮಾಡುವಾಗ ಮತ್ತೆ ಸಿಮೆಂಟೇ ಗತಿ. ವಾದ ಬೀಳಲಿಲ್ಲ.

ಹಳೇಪೇಟೆ
ನಿಮ್ಮ ವಾದ ಬೀಳಿಸೋಕೆ ನಾನು ಬಂದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಅಂದೆ. ಯಕ್ಷ ಯಕ್ಷಿ ನನಗೇನೋ ಸ್ವಲ್ಪ ಬಿಗಿದುಕೊಂಡು ನಿಂತ ಹಾಗೆ ಕಾಣುತ್ತವೆ. ಫೋಟೋ ತೆಗೆಸಿಕೊಳ್ಳೋಕೆ ನಿಂತವರ ಹಾಗೆ. ಮಿಲ್ ಕಾಲ್‌ನ ಹೆಂಗಸರು ಓಡ್ತಿದ್ದಾರೆ.

ನೀಲಿಹೂ
ಮಿಲ್ ಕಾಲ್ ಬಗ್ಗೆ ಸ್ವಲ್ಪ ಹೇಳಿ ಸಾರ್, ನಾನು ನೋಡಿಲ್ಲ.

ಬೋಲ್ಪುರ_ಪ್ಯಾಸೆಂಜರ್
ನಾನು ಹೇಳ್ತೀನಿ. ಅಕ್ಕಿ ಗಿರಣಿಯ ಸೈರನ್ ಕೂಗಿದೆ. ಇಬ್ಬರು ಸಂತಾಲ ಹೆಂಗಸರು ಕೆಲಸಕ್ಕೆ ಓಡ್ತಿದ್ದಾರೆ, ಹಿಂದೆ ಒಬ್ಬ ಹುಡುಗ. ಸೀರೆ ಒದ್ದೆ. ಬೆಳಗ್ಗೆ ಸ್ನಾನ ಮಾಡಿದವರಿಗೆ ಒಣಗಿಸಿಕೊಳ್ಳೋಕೆ ಪುರುಸೊತ್ತಿಲ್ಲ, ಹಾಗಾಗಿ ಸೀರೆಯನ್ನು ಗಾಳಿಗೆ ಹಿಡಿದು ಓಡುತ್ತಲೇ ಒಣಗಿಸ್ತಿದ್ದಾರೆ. ಒಬ್ಬಳ ಮುಖ ಮುಂದಕ್ಕೆ, ಇನ್ನೊಬ್ಬಳದು ಹಿಂದಕ್ಕೆ. ಅಷ್ಟು ತೂಕದ ಸಿಮೆಂಟಲ್ಲಿ ಸೀರೆ ಹಾರ್ತಾ ಇರುತ್ತೆ ನೋಡಿ, ಅದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಾಸ್ಟೆಲಿನಿಂದ ಕ್ಲಾಸಿಗೆ ತಡವಾದಾಗ ನಾವೂ ಅದರ ಪಕ್ಕವೇ ಓಡಿದ್ದೀವಿ. ಒದ್ದೆ ಟವೆಲ್ ಹೆಗಲ ಮೇಲೆ.

ಗಾರೆಗಿರಿ
ಹಾರೋ ಸೀರೆಗೆ ಒಳಗೆ ಕಂಬಿ ಬಲವಾಗಿ ಕಟ್ಟಿರಬೇಕು. ಸಜ್ಜಾ ಹಾಕ್ತೀವಲ್ಲ, ಅದೇ ಲೆಕ್ಕ. ಹೊರಗೆ ಚಾಚಿದಷ್ಟೂ ಒಳಗಿನ ಹಿಡಿತ ಗಟ್ಟಿ ಇರಬೇಕು.

ಜೋಳದರೊಟ್ಟಿ
ನಂದೊಂದು ಸಣ್ಣ ತಕರಾರು. ನಮ್ಮ ದಕ್ಷಿಣದ ಗುಡಿ ಗೋಪುರದ ಮ್ಯಾಲಿನ ಗಾರೆ ಗೊಂಬಿ ನೋಡ್ರಿ. ಒಳಗೆ ಇಟ್ಟಿಗೆ, ಮ್ಯಾಲೆ ಸುಣ್ಣದ ಗಾರೆ. ನೂರಾರು ವರ್ಷದಿಂದ ಮಾಡ್ಕೋತ ಬಂದಾರ. ಅವರನ್ನ ಯಾರೂ ಆಧುನಿಕ ಶಿಲ್ಪಿ ಅನ್ನಲಿಲ್ಲ. ಇವರೊಬ್ಬರು ಏನು ಹೊಸದು ಮಾಡಿದರು?

ಹಳೇಪೇಟೆ
ಒಳ್ಳೆ ಪ್ರಶ್ನೆ. ಗೋಪುರದ ಗಾರೆಯವರಿಗೆ ಯಾವ ದೇವರಿಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು ಅಂತ ಮೊದಲೇ ಗೊತ್ತಿರುತ್ತೆ. ಕೈಚಳಕದಲ್ಲಿ ಅವರು ಯಾರಿಗೂ ಕಮ್ಮಿ ಇಲ್ಲ. ಇವರಿಗೆ ಅಂಥ ಲೆಕ್ಕ ಯಾರೂ ಕೊಟ್ಟಿರಲಿಲ್ಲ.

ಆ ಕಾಲದಲ್ಲಿ ಊರ ನಡುವೆ ಯಾರ ಪ್ರತಿಮೆ ಇರ್ತಿತ್ತು, ಯೋಚನೆ ಮಾಡಿ. ನಮ್ಮ ಕಬ್ಬನ್ ಪಾರ್ಕಿನಲ್ಲಿ ವಿಕ್ಟೋರಿಯಾ ರಾಣಿ ನಿಂತಿದ್ದಾಳಲ್ಲ, ಬಿಳಿ ಅಮೃತಶಿಲೆ, ಕೈಯಲ್ಲಿ ರಾಜದಂಡ. ಅದನ್ನು ಅನಾವರಣ ಮಾಡಿದ್ದು 1906ರಲ್ಲಿ. ಅದೇ ವರ್ಷ ಬಂಗಾಳದ ಬಾಂಕುರಾದಲ್ಲಿ ಒಬ್ಬ ಕ್ಷೌರಿಕರ ಮನೆಯಲ್ಲಿ ರಾಮ್‌ಕಿಂಕರ್ ಹುಟ್ಟಿದರು. ರಾಜರು, ರಾಣಿಯರು, ಕುದುರೆ ಮೇಲಿನ ಸಾಹೇಬರು, ಇವರಿಗೆ ಮಾತ್ರ ಪ್ರತಿಮೆ ಅನ್ನೋ ಕಾಲ. ಅಲ್ಲಿ ಯಾರೂ ದುಡ್ಡು ಕೊಟ್ಟು ಮಾಡಿಸದೆ, ಪೀಠ ಅಂತ ಎತ್ತರಕ್ಕೆ ಏರಿಸದೆ, ಅಡ್ಡೆ ಹೊತ್ತ ಕೂಲಿಯವನನ್ನ ಆಳಿಗಿಂತ ದೊಡ್ಡದಾಗಿ ಬಯಲಲ್ಲಿ ನಿಲ್ಲಿಸಿದರು. ಜೊತೆಗೆ ನಾಯಿ. ಹೊಸದು ಅಂದರೆ ಅದು.

ಜೋಳದರೊಟ್ಟಿ
ಮದ್ರಾಸಿನ ಮರೀನಾ ಬೀಚಿನಾಗ ಕೂಲಿಯವರು ಬಂಡೆ ನೂಕೋ ಕಂಚಿನ ಶಿಲ್ಪ ಐತಲ್ಲ, ದೇವಿಪ್ರಸಾದ್ ರಾಯ್ ಚೌಧುರಿಯವರದು? ಅದು?

ಹಳೇಪೇಟೆ
ಅದು 1959ರಲ್ಲಿ ಅಲ್ಲಿ ನಿಂತಿದ್ದು. ಸಂತಾಲ ಕುಟುಂಬಕ್ಕೆ ಆಗಲೇ 21 ವರ್ಷ. ಅದೂ ದೊಡ್ಡ ಕೆಲಸವೇ, ಆದರೆ ಅಲ್ಲಿ ಒಬ್ಬೊಬ್ಬರ ನರವೂ ಎದ್ದು ಕಾಣುತ್ತೆ. ನೇರಮಾತು ಅವರಿಗೆ ಹಿಡಿಸಬಹುದು.

ನೇರಮಾತು
ಹಿಡಿಸಿದೆ. ಎರಡು ಸಲ ಹೋಗಿ ನೋಡಿದ್ದೀನಿ. ನರ ಕಾಣಬೇಕು ಸ್ವಾಮಿ, ಬಂಡೆ ನೂಕೋರಿಗೆ ನರ ಇರಲ್ವಾ?

ಕಡಲಕರೆ
ರಾಮ್‌ಕಿಂಕರ್ ಅನ್ನೋ ಹೆಸರು ಕೇಳಿದ ಕೂಡಲೇ ನನಗೆ ಯಮಕಿಂಕರರು ನೆನಪಾಗ್ತಾರೆ. ಪಾಶ ಹಿಡಿದುಕೊಂಡು.

ಬೋಲ್ಪುರ_ಪ್ಯಾಸೆಂಜರ್
ಹ್ಹ ಹ್ಹ. ರಾಮನ ಸೇವಕ ಅಂತ ಅರ್ಥ. ಅಲ್ಲಿ ಎಲ್ಲರಿಗೂ ಅವರು 'ಕಿಂಕರ್‌ದಾ'. ನಾನು ಸೇರುವ ಹೊತ್ತಿಗೆ ಅವರು ಹೋಗಿ ಹತ್ತು ವರ್ಷದ ಮೇಲಾಗಿತ್ತು, 1980ರಲ್ಲಿ ತೀರಿಕೊಂಡರು. ಆದರೂ ಚಹಾ ಅಂಗಡಿಯವರು ನಿನ್ನೆ ಬಂದು ಹೋದವರ ಹಾಗೆ ಮಾತಾಡ್ತಿದ್ದರು.

ಅವರು ಅಲ್ಲಿಗೆ ಬಂದಿದ್ದೇ ಒಂದು ಕಥೆ. ಹುಡುಗನಾಗಿದ್ದಾಗ ಬಾಂಕುರಾದಲ್ಲಿ ಮೂರ್ತಿ ಮಾಡುವವರ ಹತ್ತಿರ ಜೇಡಿಮಣ್ಣು ಕಲಸಿದರು. ನಾಟಕದ ಪರದೆ, ಅಂಗಡಿ ಬೋರ್ಡು ಬರೆದರು. ಅಸಹಕಾರ ಚಳವಳಿ ಹೊತ್ತಲ್ಲಿ ನಾಯಕರ ಚಿತ್ರ ಬರೆದರು. ಅದು ಪತ್ರಿಕಾ ಸಂಪಾದಕ ರಾಮಾನಂದ ಚಟರ್ಜಿಯವರ ಕಣ್ಣಿಗೆ ಬಿತ್ತು. 1925ರಲ್ಲಿ ಅವರೇ ಕಲಾಭವನಕ್ಕೆ ಕಳಿಸಿದರು. ಅಲ್ಲಿ ಕಲಿಸುತ್ತಿದ್ದ ಕಲಾವಿದ ನಂದಲಾಲ್ ಬೋಸ್ ಇವರ ಚಿತ್ರಗಳನ್ನ ನೋಡಿ, ಎಲ್ಲಾ ಕಲಿತುಕೊಂಡೇ ಬಂದಿದ್ದೀಯಲ್ಲ, ಇನ್ನು ಇಲ್ಲೇನು ಕಲೀತೀಯ, ಆಗಲಿ ಎರಡು ಮೂರು ವರ್ಷ ಇರು ಅಂದರಂತೆ. ಆ ಎರಡು ಮೂರು ವರ್ಷ ಜೀವನಪೂರ್ತಿ ಮುಗಿಯಲೇ ಇಲ್ಲ.

ಅಡಿಕೆಹಾಳೆ
ಎಷ್ಟು ಚೆನ್ನಾಗಿ ಹೇಳಿದಿರಿ. ಅಲ್ಲೇ ಇನ್ನೊಂದು ಕಡೆ ಮರಗಳ ಮಧ್ಯೆ ಕಡ್ಡಿಯ ಹಾಗೆ ಉದ್ದಕ್ಕೆ ಒಬ್ಬ ಹೆಂಗಸು, ತಲೆ ಮೇಲೆ ಪಾತ್ರೆ. ಅದೂ ಇವರದೇ ಅಂದರು. ಅದು ಮಾತ್ರ ನನಗೆ ತುಂಬಾ ಹಿಡಿಸಿತು.

ಬೋಲ್ಪುರ_ಪ್ಯಾಸೆಂಜರ್
ಅದು ಸುಜಾತಾ, ಬುದ್ಧನಿಗೆ ಪಾಯಸ ಕೊಟ್ಟವಳು, 1935ರದ್ದು. ಮೊದಲು ಅದು ಸುಮ್ನೆ ನಡೆದು ಹೋಗುವ ಒಬ್ಬ ಉದ್ದನೆ ಹುಡುಗಿ. ಎದುರಿಗೆ ಬುದ್ಧ ಇದ್ದಾನಲ್ಲ, ತಲೆ ಮೇಲೊಂದು ಪಾಯಸದ ಪಾತ್ರೆ ಇಡು, ಸುಜಾತಾ ಆಗ್ತಾಳೆ ಅಂತ ನಂದಲಾಲರು ಹೇಳಿದರಂತೆ. ನೀಲಗಿರಿ ಮರಗಳ ನಡುವೆ ಅವಳೂ ಒಂದು ಮರದ ಹಾಗೆ.

ರವೀಂದ್ರನಾಥರು ಬೆಳಗ್ಗೆ ವಾಕಿಂಗ್ ಹೋಗುವಾಗ ಅದನ್ನ ನೋಡಿ, ಯಾರು ಮಾಡಿದ್ದು ಅಂತ ಕರೆಸಿದರಂತೆ. ಬೈಗುಳ ಗ್ಯಾರಂಟಿ ಅಂದುಕೊಂಡು ನಡುಗುತ್ತಾ ಹೋದರೆ, ಇಡೀ ಆಶ್ರಮವನ್ನು ಇಂಥದ್ದರಿಂದ ತುಂಬಿಸಿಬಿಡು ಅಂದರಂತೆ. ನೀವು ಕೇಳಿದ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲೂ ಇದೆ ಅಕ್ಕ. ಹಿಂದೆ ನಿಂತು 'ಮಾಡು' ಅನ್ನೋರಿದ್ದರು.

ನೀಲಿಹೂ
ಮೈಸೂರಿನ ವೆಂಕಟಪ್ಪನವರೂ ನಂದಲಾಲ್ ಬೋಸರ ಜೊತೆ ಕಲಿತವರು ಅಲ್ವಾ? ಎಲ್ಲೋ ಓದಿದ ನೆನಪು.

ಹಳೇಪೇಟೆ
ಹೌದು. ಇಬ್ಬರೂ ಕೋಲ್ಕತ್ತಾದಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. ಆ ಲೆಕ್ಕದಲ್ಲಿ ರಾಮ್‌ಕಿಂಕರ್‌ಗೆ ವೆಂಕಟಪ್ಪನವರು ಒಂಥರಾ ಚಿಕ್ಕಪ್ಪ. ವೆಂಕಟಪ್ಪನವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನೂ ಮಾಡಿದ್ದಾರೆ. ನುಣುಪು ಅಂದರೆ ಅದು, ಬೆರಳಿಟ್ಟರೆ ಜಾರಬೇಕು. ಒಂದೇ ಗುರುಮನೆಯಿಂದ ಒಬ್ಬರು ಆ ತುದಿಗೆ, ಶಿಷ್ಯನ ಶಿಷ್ಯ ಈ ತುದಿಗೆ.

ನೇರಮಾತು
ನಾನು ವೆಂಕಟಪ್ಪನವರ ಕಡೆ. ಬರೆದುಕೊಳ್ಳಿ.

ಜೋಳದರೊಟ್ಟಿ
ಬರಕೊಂಡೆ.

ಕಡಲಕರೆ
ಇವರ ಬಗ್ಗೆ ಋತ್ವಿಕ್ ಘಟಕ್ 1975ರಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆದಿದ್ದರು, ಮುಗಿಸುವ ಮೊದಲೇ ಘಟಕ್ ಹೋದರು. ಅದರಲ್ಲಿ ಒಂದು ಮಾತು ಬರ್ತದೆ. ಮಳೆಗಾಲದಲ್ಲಿ ಹುಲ್ಲಿನ ಮಾಡು ಸೋರುವಾಗ ತಮ್ಮದೇ ಆಯಿಲ್ ಪೇಂಟಿಂಗ್ ಕ್ಯಾನ್ವಾಸನ್ನು ಮಾಡಿಗೆ ಕಟ್ಟುತ್ತಿದ್ದರಂತೆ. ಎಂಥ ಮನುಷ್ಯ! ದುಡ್ಡು, ಹೆಸರು ಯಾವುದೂ ಬೇಡ. ನಿಜವಾದ ಕಲಾವಿದ ಅಂದರೆ ಹೀಗಿರಬೇಕು.

ನೀಲಿಹೂ
ಕ್ಷಮಿಸಿ, ಇದು ನನಗೆ ಸರಿಬರಲ್ಲ. ಮನೆ ಸೋರೋದರಲ್ಲಿ 'ಎಂಥ ಮನುಷ್ಯ' ಅನ್ನೋಕೆ ಏನಿದೆ? 1970ರಲ್ಲಿ ಪದ್ಮಭೂಷಣ ಕೊಟ್ಟಿದ್ದಾರೆ. ಐದು ವರ್ಷ ಆದ ಮೇಲೂ ಮಾಡಿಗೆ ಹುಲ್ಲು ಹೊದಿಸೋಕೆ ಗತಿ ಇಲ್ಲ. ಇದಕ್ಕೆ ನಾಚಿಕೆ ಆಗಬೇಕು, ಹೆಮ್ಮೆ ಅಲ್ಲ. ಕಲಾವಿದ ಅಂದರೆ ಹರಿದ ಅಂಗಿ, ಸೋರುವ ಮನೆ ಅಂತ ನಾವೇ ಕಥೆ ಕಟ್ಟಿ ಇಟ್ಟುಕೊಂಡಿದ್ದೀವಿ.

ಆ ಮನೆಯಲ್ಲಿ ಅವರೊಬ್ಬರೇ ಇರಲಿಲ್ಲ. ಅಷ್ಟು ವರ್ಷ ಜೊತೆಗಿದ್ದ ರಾಧಾರಾಣಿ ಅಂತ ಒಬ್ಬರಿದ್ದರು. ಅಡುಗೆ, ಮನೆ, ಅವರ ಆರೋಗ್ಯ ಎಲ್ಲ ನೋಡಿಕೊಂಡಿದ್ದು ಆಕೆ. ಸೋರೋ ಮಾಡಿನ ಕೆಳಗೆ ಒಲೆ ಹಚ್ಚಿದವರನ್ನ ಕೇಳಿದರೆ ಬೇರೆ ಕಥೆ ಹೇಳ್ತಿದ್ದರೇನೋ.

ಕಡಲಕರೆ
ತಪ್ಪಾಯ್ತು ಮಾರಾಯ್ರೆ. ನೀವು ಹೇಳಿದ್ದು ಹೌದು. ನನ್ನ ತಲೆಗೆ ಆ ಕಡೆ ಹೋಗಿರಲಿಲ್ಲ.

ಗಾರೆಗಿರಿ
ಚಿತ್ರ ಬರೆದ ಕಡೆ ಕೆಳಗೆ ಮಾಡಿ ಕಟ್ಟಿದ್ದರೋ ಮೇಲೆ ಮಾಡಿಯೋ?

ಕಡಲಕರೆ
ಬಣ್ಣ ಇದ್ದ ಬದಿ ಒಳಗೆ, ಕೆಳಗೆ ಕಾಣುವ ಹಾಗೆ. ನೀವು ಕೇಳುವ ಪ್ರಶ್ನೆಯೇ ಬೇರೆ ಬಿಡಿ.

ಜೋಳದರೊಟ್ಟಿ
ನನಗ ಇನ್ನೊಂದು ಅನಿಸ್ತದ. ಆ ಸಂತಾಲರಿಗೆ ಶಿಲ್ಪದಿಂದ ಏನು ಸಿಕ್ತು? 1938ರಾಗೂ ಅಡ್ಡೆ ಹೊತ್ತು ಊರು ಬಿಟ್ಟು ಹೊಂಟಿದ್ದರು. ಈಗ ನಮ್ಮ ಕಲಬುರಗಿ, ಯಾದಗಿರಿ ಮಂದಿ ಬಸ್ ಹತ್ತಿ ಬೆಂಗಳೂರಿಗೆ, ಪುಣೆಗೆ ಹೊಂಟಾರ, ಬಗಲಾಗ ಕೂಸು. ಟಿಕೆಟ್ ತಗೊಂಡು ನೋಡಾಕ ಹೋಗೋರು ನಾವು.

ಬೋಲ್ಪುರ_ಪ್ಯಾಸೆಂಜರ್
ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ ಅಣ್ಣ. ಆದರೆ ಒಂದು ಮಾತು. ಆ ಕಾಲದ ಚಿತ್ರಗಳಲ್ಲಿ ಸಂತಾಲರು ಅಂದರೆ ಕೊಳಲು, ಕುಣಿತ, ಮುಡಿಯಲ್ಲಿ ಹೂವು. ಇವರು ಗಂಟುಮೂಟೆ ಹೊರಿಸಿದರು, ಗಿರಣಿಗೆ ಓಡಿಸಿದರು. ದುಡಿಮೆ ಕಾಣಿಸಿದರು. ಅಷ್ಟಾದರೂ ಆಯ್ತು.

ನೇರಮಾತು
ಗಾಂಧಿಯವರದೂ ಒಂದು ಮಾಡಿದ್ದಾರಲ್ಲ, ಕಾಲ ಕೆಳಗೆ ತಲೆಬುರುಡೆ? ಗುವಾಹಟಿಯಲ್ಲೂ ಇವರ ಹೆಸರಿನ ಗಾಂಧಿ ಪ್ರತಿಮೆ ವಿರೂಪವಾಗಿದೆ, ತೆಗೆದು ಹಾಕಿ ಅಂತ 2017ರಲ್ಲಿ ಜಗಳ ಆಗಿತ್ತು. ನಾನೊಬ್ಬನೇ ಅಲ್ಲ ಅಂತ ಹೇಳೋಕೆ ಬರೆದೆ.

ಹಳೇಪೇಟೆ
ತೆಗೆಯಬೇಡಿ ಅಂದವರೂ ಅಷ್ಟೇ ಜನ ಇದ್ದರು, ಅದನ್ನೂ ಬರೀರಿ. ತಲೆಬುರುಡೆ ಗಾಂಧಿ ಕೋಮು ಗಲಭೆಯ ಹೊತ್ತಿನ ಯೋಚನೆ. ನಗುವ ಗಾಂಧಿ ಬೇಕಿದ್ದರೆ ನಿಮ್ಮ ಜೇಬಿನ ನೋಟಿನಲ್ಲಿದ್ದಾರೆ.

ನೇರಮಾತು
ಈ ಏಟು ಒಪ್ಪಿಕೊಂಡೆ.

ನೀಲಿಹೂ
ಬೆಂಗಳೂರಿನಿಂದ ಹೋಗೋದು ಹೇಗೆ? ಡಿಸೆಂಬರಲ್ಲಿ ಹೋಗೋಣ ಅಂತಿದ್ದೀವಿ.

ಬೋಲ್ಪುರ_ಪ್ಯಾಸೆಂಜರ್
ಹೌರಾಕ್ಕೆ ರೈಲು, ಅಲ್ಲಿಂದ ಬೋಲ್ಪುರ್ ಶಾಂತಿನಿಕೇತನ ಸ್ಟೇಷನ್, ಎರಡೂವರೆ ಮೂರು ಗಂಟೆ. ಡಿಸೆಂಬರ್ ಕೊನೆ ವಾರ ಪೌಷ ಮೇಳದ ಕಾಲ, ರೂಮು ಸಿಗೋದು ಕಷ್ಟ, ಮೊದಲೇ ನೋಡಿಕೊಳ್ಳಿ. ಬುಧವಾರ ಹೋಗಬೇಡಿ, ಅಲ್ಲಿಗೆ ವಾರದ ರಜೆ ಅದು, ಭಾನುವಾರ ಅಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಜಾಸ್ತಿ. ಸಂಜೆ ಐದಕ್ಕೆ ಮಿಲ್ ಕಾಲ್ ಹತ್ತಿರ ಇರಿ, ಮರೀಬೇಡಿ.

ಅಡಿಕೆಹಾಳೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಯಜಮಾನರಿಗೆ ಓದಿ ಹೇಳಿದೆ. ಗಾರೆಗಿರಿಯವರು ಬರೆದಿದ್ದಕ್ಕೆ ಮಾತ್ರ ಎದ್ದು ಕೂತರು. "ಅರ್ಧ ಗಂಟೆಯಲ್ಲಿ ಬಿಗಿಯುತ್ತಾ? ಅಷ್ಟರಲ್ಲಿ ಮುಖ ಮಾಡಬೇಕಾ?" ಅಂತ ಎರಡು ಸಲ ಕೇಳಿದರು. ಆಮೇಲೆ ಮೊಬೈಲ್ ಇಸ್ಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು. ನೇರಮಾತು ಅವರ ನಮಸ್ಕಾರ ತಲುಪಿಸಿದ್ದೀನಿ.

ಗಾರೆಗಿರಿ
ಒಂದೇ ಸಲಕ್ಕೆ ಇಡೀ ಮುಖ ಮಾಡಿರಲ್ಲ ಅಕ್ಕಾ, ಸ್ವಲ್ಪ ಸ್ವಲ್ಪ ಕಲಸಿಕೊಂಡು ಮಾಡಿರ್ತಾರೆ. ಯಜಮಾನರಿಗೆ ಹೇಳಿ. ಆ ನಾಯಿಯ ಕಾಲು ಹತ್ತಿರದಿಂದ ತೆಗೆದ ಫೋಟೋ ಇದ್ದರೆ ಹಾಕಿ. ಅಷ್ಟು ಸಣ್ಣ ಕಾಲೊಳಗೆ ಎಷ್ಟು ದಪ್ಪದ ಕಂಬಿ ಇಟ್ಟಿರಬಹುದು ಅಂತ ನೋಡಬೇಕು.

ಅಡಿಕೆಹಾಳೆ
ಇದ್ದಿದ್ದು ಒಂದೇ ಫೋಟೋ. ನಾಯಿ ಇರೋ ಜಾಗದಲ್ಲಿ ನಮ್ಮ ಯಜಮಾನರು ನಿಂತಿದ್ದಾರೆ.